ಹಾಜರಿ ಪುಸ್ತಕದಲ್ಲಿ ಯಾರ ಹೆಸರಿದೆ?

ನಾವು ಹಾಸ್ಟೆಲ್ಲಿನಲ್ಲಿ ಏಳುವ ಮೊದಲೇ ನಮ್ಮ ಅವ್ವ, ಕಾಕಾ ಬೀದಿಗೆ ಇಳಿದಿರುತ್ತಾರೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಊರು ಯಾವುದಾದರೇನು, ಪೊರಕೆ ಹಿಡಿದ ಕೈ ನಮ್ಮ ಕೇರಿಯದ್ದೇ. ನಮ್ಮಲ್ಲಿ ಎಷ್ಟೋ ಜನರ ಫೀಸು ಕಟ್ಟಿದ್ದೂ ಆ ಕೈಯೇ. ಆದರೆ ಆ ಕೈಗೆ ಗಾಯವಾದರೆ ಹೊಣೆ ಯಾರದು ಅಂತ ಕೇಳಿ ನೋಡಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಸವಣೂರನ್ನು ಮರೆಯೋದು ಸಾಧ್ಯವೇ? 2010ರ ಜುಲೈ 20ರಂದು ಅಲ್ಲಿನ ಭಂಗಿ ಕುಟುಂಬದವರು ಪುರಸಭೆ ಎದುರು ನಿಂತು ಮೈಮೇಲೆ ಮಲ ಸುರಿದುಕೊಂಡರು. ಊರಿನ ಮಲ ಬಳಿದವರಿಗೆ, ಇದ್ದ ಸೂರನ್ನೂ ಬಿಟ್ಟು ಏಳಿ ಅಂದಿದ್ದರು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದರು. ದೇಶದ ಕಾನೂನು 1993ರಲ್ಲಿ ಬಂತು. ಅಂದರೆ ಕಾಗದದ ಮೇಲೆ ಆ ಕೆಲಸ ಇರಲಿಲ್ಲ. ಕೆಲಸವೇ ಇಲ್ಲ ಅಂದಮೇಲೆ ಕೆಲಸಗಾರನೂ ಇಲ್ಲ, ಸಂಬಳವೂ ಇಲ್ಲ, ಮನೆಯೂ ಇಲ್ಲ! ಗುಂಡಿ ಮಾತ್ರ ತುಂಬುತ್ತಲೇ ಇತ್ತು.

ಇದೇ ಆಟ ಈಗ ಗುತ್ತಿಗೆಯ ಹೆಸರಿನಲ್ಲಿ ನಡೆದಿದೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಆಗ ಮುಖ್ಯಮಂತ್ರಿ ಶಿಗ್ಗಾಂವಿ ಕ್ಷೇತ್ರದ ಶಾಸಕರೇ. ಹಂತ ಹಂತವಾಗಿ ಕಾಯಂ ಮಾಡುತ್ತೇವೆ ಅಂತ ಸರ್ಕಾರ ಒಪ್ಪಿತು. ಕನಿಕರದಿಂದಲ್ಲ, ಹೋರಾಟಕ್ಕೆ ಮಣಿದು. ಕಸದ ಗಾಡಿಯ ಡ್ರೈವರು, ಲೋಡರು, ಒಳಚರಂಡಿ ಕೆಲಸಗಾರರನ್ನೂ ಸೇರಿಸಿ ಅನ್ನೋದು ಅವತ್ತಿನ ಬೇಡಿಕೆಯೇ ಆಗಿತ್ತು.

ಗುತ್ತಿಗೆಗೂ ಆರೋಗ್ಯಕ್ಕೂ ಏನು ಸಂಬಂಧ ಅಂತ ಕೆಲವು ಗೆಳೆಯರು ಕೇಳ್ತಾರೆ. ಮಲದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಗಾಳಿ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯೋದಿಲ್ಲ. ಇಳಿದವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಬರಿಗೈಲಿ ಕಸ ಎತ್ತಿದರೆ ಗಾಜು, ಸೂಜಿ, ಇಲಿಜ್ವರ, ಧನುರ್ವಾಯು. ಕಾಯಂ ನೌಕರ “ಯಂತ್ರ ತರಿಸ್ರಿ, ನಾ ಇಳಿಯಂಗಿಲ್ಲ” ಅನ್ನಬಲ್ಲ. ಗುತ್ತಿಗೆಯವನು ಹಾಗಂದರೆ “ನಾಳಿಂದ ಬರಬ್ಯಾಡ” ಅಂತಾರೆ. ಸಂಬಂಧ ಇದೇ.

2013ರ ಕಾಯ್ದೆ ಪ್ರಕಾರ ರಕ್ಷಣೆ ಇಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಪುರಸಭೆ ಇಳಿಸಲಿ, ಗುತ್ತಿಗೆದಾರ ಇಳಿಸಲಿ, ಅಪರಾಧವೇ. ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಆದರೆ ನಾವು ಕೇಳುತ್ತಿರುವುದು ಹೆಣದ ಬೆಲೆ ಅಲ್ಲ, ಬದುಕುವ ಹಕ್ಕು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಜನ ಗುತ್ತಿಗೆಯವರಿದ್ದರೆ ಸಾಕು ಅನ್ನುತ್ತಿತ್ತು. ಹೊಸದಕ್ಕೆ 50 ಜನ ಬೇಕು. ನಮ್ಮಂಥ ಸಣ್ಣ ಊರಿನಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ 50 ಜನ ಎಲ್ಲಿಂದ ಬರಬೇಕು? ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚಬಾರದು ಅಂತಲೂ ಸಂಹಿತೆ ಹೇಳುತ್ತದೆ. ಆದರೆ ಸಂಸ್ಥೆ ಹುಟ್ಟಿದ್ದೇ ಅದಕ್ಕಾಗಿ ಅಲ್ಲದಿದ್ದರೆ ಗುಡಿಸುವುದು, ಕಸ ಎತ್ತುವುದು ಮುಖ್ಯ ಕೆಲಸವಲ್ಲವಂತೆ. ಹಾಗಾದರೆ ನಾವು ಕೇಳುತ್ತೇವೆ: ಊರನ್ನು ಸ್ವಚ್ಛ ಇಡೋದಕ್ಕಲ್ಲದೆ ಪುರಸಭೆ ಮತ್ಯಾತಕ್ಕೆ ಹುಟ್ಟಿತು?

ಗೆಳೆಯರೇ, ನಮ್ಮವರು ಬೆವರು ಸುರಿಸಿ ನಮಗೆ ಅಕ್ಷರ ಕೊಡಿಸಿದ್ದಾರೆ. ಆ ಸಾಲ ತೀರಿಸೋಣ. ಈ ಭಾನುವಾರ ನೋಟ್‌ಬುಕ್ ಹಿಡಿದು ಕೇರಿಗೆ ಹೋಗೋಣ. ಸಂಬಳ ಯಾರು ಕೊಡ್ತಾರೆ, ಪಿ.ಎಫ್., ಇ.ಎಸ್.ಐ. ಹಿಡಿದ ದುಡ್ಡು ಕಟ್ಟಿದ್ದಾರಾ, ಕೈಗವಸು, ಬೂಟು ಯಾವಾಗ ಕೊಟ್ಟಿದ್ದರು, ಬರೆದುಕೊಳ್ಳೋಣ. ಆಮೇಲೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹಾಜರಿ ಪುಸ್ತಕದ ನಕಲು ಕೇಳೋಣ. 30 ದಿನದೊಳಗೆ ಅವರು ಉತ್ತರ ಕೊಡಲೇಬೇಕು.

ಪುಸ್ತಕದಲ್ಲಿ ನಮ್ಮವರ ಹೆಸರು ಇಲ್ಲದಿದ್ದರೆ, ಬರೆಸುವ ತನಕ ಪುರಸಭೆಯ ಮೆಟ್ಟಿಲು ಬಿಟ್ಟು ಏಳೋದು ಬೇಡ.