ತಾರಸಿಯ ಸೊಪ್ಪು, ನೆರೆಯವರ ಪಾಲು

ಬಿಳೇಕಹಳ್ಳಿಯಲ್ಲಿ ನಾವು ಕೊಳ್ಳುವ ಸೊಪ್ಪು ಯಾವ ನೀರಲ್ಲಿ ಬೆಳೆದದ್ದೆಂದು ಕೇಳಿದ್ದೀರಾ? ಯೂನಾನಿ ಹೇಳುವ ಆರೋಗ್ಯದ ಆರು ಅಗತ್ಯಗಳಲ್ಲಿ ಗಾಳಿಯ ಜೊತೆಗೇ ಆಹಾರ-ಪಾನೀಯವೂ ಇದೆ. ಆದ್ದರಿಂದ ನಾಲ್ಕು ಮನೆಯವರು ಸೇರಿ ಒಂದು ತಾರಸಿಯಲ್ಲಿ ಹೈಡ್ರೋಪೋನಿಕ್ಸ್ ಆರಂಭಿಸುವುದು ಒಳ್ಳೆಯದು. ಮಣ್ಣು ಬೇಡ, ಪೋಷಕಾಂಶ ಬೆರೆಸಿದ ನೀರಿನಲ್ಲೇ ಪುದೀನ, ಪಾಲಕ್ ಬೆಳೆಯುತ್ತವೆ. ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ವಿಧಾನವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ.

ಎರಡು ಎಚ್ಚರಿಕೆ: ನೀರಿನ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿಡಿ, ತೆರೆದಿಟ್ಟರೆ 7-10 ದಿನಗಳಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ. ಸೊಪ್ಪನ್ನು ಸಂಜೆ ಕೊಯ್ಯಿರಿ, ಬಿಸಿಲುಂಡ ಎಲೆಯಲ್ಲಿ ನೈಟ್ರೇಟ್ ಕಡಿಮೆ ಇರುತ್ತದೆ.

ನೆರೆಯವರು ಯಾವ ಧರ್ಮದವರಾದರೂ ಒಂದು ಕಟ್ಟು ಅವರಿಗೂ ತಲುಪಲಿ. ನೆರೆಯವರ ಹಕ್ಕು ಈದ್‌ನ ಬಿರಿಯಾನಿಗೆ ಮುಗಿಯುವುದಿಲ್ಲ.