ಗೋಲದೊಳಗಿನ ಬೆಳಕು

ಗಣಕದಲ್ಲಿ ಚಿತ್ರ ರಚಿಸುವವರಿಗೆ ಹೊರಗಿನ ಲೋಕವನ್ನು ನೋಡುವ ಕೆಲಸವಿಲ್ಲವೆಂದು ನಮ್ಮ ಮಕ್ಕಳಲ್ಲಿ ಹಲವರು ತಿಳಿದಿದ್ದಾರೆ. ನಾವು ಒಪ್ಪುವುದಿಲ್ಲ. 1998ರಲ್ಲಿ ಪಾಲ್ ಡೆಬೆವೆಕ್ ಪ್ರಕಟಿಸಿದ ವಿಧಾನವನ್ನೇ ನೋಡಿ. ನಿಜವಾದ ಸ್ಥಳದಲ್ಲಿ ಕನ್ನಡಿಯಂತೆ ಹೊಳೆಯುವ ಗೋಲವನ್ನಿಟ್ಟು, ಕ್ಯಾಮರಾ ಕದಲದಂತೆ ನಿಲ್ಲಿಸಿ, ಬೆಳಕು ಒಳಬರುವ ಕಾಲವನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತ ಅದರ ಹಲವು ಫೋಟೋ ತೆಗೆಯಬೇಕು. ಒಂದರಲ್ಲಿ ಮೂಲೆ ಸ್ಪಷ್ಟ, ಕಿಟಕಿ ಬರೀ ಬಿಳುಪು. ಇನ್ನೊಂದರಲ್ಲಿ ಕಿಟಕಿ ಸ್ಪಷ್ಟ, ಮೂಲೆ ಕಗ್ಗತ್ತಲೆ. ಎಲ್ಲವನ್ನೂ ಕೂಡಿಸಿದಾಗಲೇ ಬೆಳಕಿನ ನಿಜವಾದ ಪ್ರಮಾಣ ಸಿಗುತ್ತದೆ. ಕಲ್ಪಿತ ವಸ್ತುವಿನ ನೆರಳು ಅದರಿಂದಲೇ ಬೀಳುತ್ತದೆ. ಒಂದೇ ಫೋಟೋ ಸಾಲದೇ? ಸಾಲದು, ಅದರಲ್ಲಿ ಸೂರ್ಯನೂ ಸುಣ್ಣದ ಗೋಡೆಯೂ ಒಂದೇ ಬಿಳುಪು. ಕಂಪ್ಯೂಟರ್ ಪಾಠಕ್ಕೂ ಮಕ್ಕಳನ್ನು ವಾರಕ್ಕೊಮ್ಮೆ ಅಂಗಳಕ್ಕೆ ಕರೆತರಬೇಕು. ವಿಜ್ಞಾನದ ಮಾಸ್ತರು ಬೇಸರಿಸಲಾರರು.