ಹಳೆಯ ಗಣಕಯಂತ್ರವನ್ನು ಕೊಳ್ಳುವ ಮುನ್ನ

ಕಾಲೇಜಿಗೆ ಸೇರುವ ಹುಡುಗನಿಗೋ ಹುಡುಗಿಗೋ ಗಣಕಯಂತ್ರವೊಂದು ಬೇಕಾದಾಗ ಹೊಸದನ್ನು ತರುವಷ್ಟು ಹಣ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಗಳಲ್ಲಿ, ಕಚೇರಿಗಳು ವಿಲೇವಾರಿ ಮಾಡಿದ ಡೆಸ್ಕ್‌ಟಾಪ್ ಯಂತ್ರಗಳಿಗೆ ಬೇಡಿಕೆ ಇರುವುದು ಈ ಕಾರಣದಿಂದಲೇ. 2025ನೆಯ ಇಸವಿಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಳೆಯ ಪ್ರಾಸೆಸರುಗಳನ್ನು ಒಪ್ಪುವುದಿಲ್ಲವಾದ್ದರಿಂದ, ಯಾವ ಕೇಡೂ ಇಲ್ಲದೆ ಕೇವಲ ಈ ಕಾರಣಕ್ಕಾಗಿ ಹೊರಬೀಳುವ ಯಂತ್ರಗಳೂ ಉಂಟು. ಲಿನಕ್ಸ್ ಹಾಕಿಕೊಂಡು ಓದು ಬರಹ, ಪ್ರೋಗ್ರಾಮಿಂಗ್ ಅಭ್ಯಾಸಗಳನ್ನು ನಡೆಸಲು ಅವು ಧಾರಾಳವಾಗಿ ಸಾಕು. ಹಳೆಯದೆಂಬ ಒಂದೇ ಕಾರಣಕ್ಕೆ ಅವುಗಳನ್ನು ಹೀಗಳೆಯುವುದು ಸರಿಯಲ್ಲ. ಆದರೆ ಎರಡು ಗಂಟೆಯ ಕಾಲ ಪರೀಕ್ಷಿಸಲು ಅವಕಾಶ ಕೊಡದ ವ್ಯಾಪಾರಿಯಿಂದ ಅವು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಕೂಡದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಇದಕ್ಕೆ ಕಾರಣವನ್ನು ವಿವರಿಸುತ್ತೇನೆ.

ಗಣಕಯಂತ್ರದ ಎಲ್ಲ ಅಂಗಗಳೂ ಒಂದೇ ಸಮನಾಗಿ ಮುಪ್ಪಾಗುವುದಿಲ್ಲ. ಸಿಲಿಕಾನಿನ ಮೇಲೆ ರಚಿತವಾದ ಪ್ರಾಸೆಸರು ಹತ್ತು ವರ್ಷ ದುಡಿದರೂ ಸಾಮಾನ್ಯವಾಗಿ ಮೊದಲಿನಂತೆಯೇ ದುಡಿಯುತ್ತದೆ. ಅದರಲ್ಲಿ ಸವೆಯುವ ಚಕ್ರವಿಲ್ಲ, ಒಣಗುವ ದ್ರವವಿಲ್ಲ. ಸವೆಯುವುದು ಹಾರ್ಡ್ ಡಿಸ್ಕಿನ ಮತ್ತು ಫ್ಯಾನಿನ ಬೇರಿಂಗುಗಳು. ಒಣಗುವುದು ಕೆಪಾಸಿಟರುಗಳೊಳಗಿನ ವಿದ್ಯುದ್ವಾಹಕ ದ್ರವ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಹೆಚ್ಚಾಗಿ ಇರುವುದು ಗೋಡೆಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲಿ.

ಈ ಕೆಪಾಸಿಟರುಗಳ ಆಯುಷ್ಯದ ಲೆಕ್ಕವು ಬಹಳ ಸ್ವಾರಸ್ಯವಾಗಿದೆ. ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದೆಂದು ಮುದ್ರಿಸಿದ ಕೆಪಾಸಿಟರು 85 ಡಿಗ್ರಿಯಲ್ಲಿ 8,000 ಗಂಟೆ ಬಾಳೀತು. 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ನಡೆಯುವ ಕಚೇರಿಯ ಯಂತ್ರಕ್ಕೆ ಮೊದಲನೆಯದು ನಾಲ್ಕು ವರ್ಷ, ಎರಡನೆಯದು ಹದಿನಾರು ವರ್ಷ. ಒಂದೇ ದಿನ ಕೊಂಡ ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ, ತಂಪಾದ ಕೋಣೆಯಲ್ಲಿದ್ದುದು ಪ್ರಾಯದಲ್ಲಿಯೇ ಇರಬಹುದು, ಮೇಜಿನ ಕೆಳಗೆ ಧೂಳು ತುಂಬಿಕೊಂಡು ಬೆಂದದ್ದು ಮುದಿಯಾಗಿರಬಹುದು. ವ್ಯಾಪಾರಿಯು ಎರಡನ್ನೂ ಒರಸಿ ಅಕ್ಕಪಕ್ಕದಲ್ಲಿ ಇಟ್ಟಾಗ ಕಣ್ಣಿಗೆ ಭೇದ ಕಾಣದು. ‘ಐದು ವರ್ಷದ ಯಂತ್ರ’ ಎಂಬ ಮಾತಿಗೆ ಆದಕಾರಣ ಹೆಚ್ಚಿನ ಬೆಲೆಯಿಲ್ಲ.

ಕೆಲವೊಮ್ಮೆ ದೋಷವು ಹುಟ್ಟಿನಿಂದಲೇ ಇರುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಅಸಂಖ್ಯ ಕೆಪಾಸಿಟರುಗಳಲ್ಲಿ ದ್ರವದ ಮಿಶ್ರಣವೇ ಕೆಟ್ಟದ್ದಾಗಿತ್ತು. ಅದು ಅಲ್ಯೂಮಿನಿಯಂ ಹಾಳೆಯನ್ನು ತಿಂದು ಜಲಜನಕವನ್ನು ಬಿಡುಗಡೆ ಮಾಡಿತು. ಕೆಪಾಸಿಟರುಗಳ ನೆತ್ತಿ ಉಬ್ಬಿ ಒಡೆಯಿತು. ಡೆಲ್ ಸಂಸ್ಥೆಯ ಆಪ್ಟಿಪ್ಲೆಕ್ಸ್ ಯಂತ್ರಗಳು ಇದರಿಂದ ಬಹಳವಾಗಿ ನರಳಿದವು. 2005ರಲ್ಲಿ ಆ ಸಂಸ್ಥೆಯು ಅವುಗಳ ದುರಸ್ತಿಗೆಂದು ಸುಮಾರು 30 ಕೋಟಿ ಡಾಲರುಗಳನ್ನು ಎತ್ತಿಡಬೇಕಾಯಿತು. ಇಂದಿನ ಮದರ್‌ಬೋರ್ಡುಗಳಲ್ಲಿ ಬಹುಮಟ್ಟಿಗೆ ಘನ ಪಾಲಿಮರ್ ಕೆಪಾಸಿಟರುಗಳಿರುವುದರಿಂದ ಆ ಭಯ ಕಡಿಮೆ. ಆದರೂ ಪೆಟ್ಟಿಗೆಯ ಪಕ್ಕದ ಬಾಗಿಲನ್ನು ತೆಗೆಸಿ, ಬೋರ್ಡಿನ ಮೇಲೆ ಉಬ್ಬಿದ ಅಥವಾ ಸೋರಿದ ಕೆಪಾಸಿಟರುಗಳಿವೆಯೆ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ವಿದ್ಯಾರ್ಥಿಗಳು ಎಂದಿಗೂ ಬಿಚ್ಚಬಾರದು. ನಮ್ಮ ಮನೆಗಳ 230 ವೋಲ್ಟು ಅದರೊಳಗೆ 325 ವೋಲ್ಟಿನಷ್ಟು ಏಕಮುಖ ವಿದ್ಯುತ್ತಾಗಿ ಸಂಗ್ರಹವಾಗುತ್ತದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಅದು ಕೆಲವು ಕಾಲ ಉಳಿದಿರಬಹುದು.

ಹಾರ್ಡ್ ಡಿಸ್ಕಿನ ವಿಷಯಕ್ಕೆ ಬರೋಣ. ಯಂತ್ರದ ಉಳಿದ ಅಂಗ ಕೆಟ್ಟರೆ ಹೋಗುವುದು ಹಣ; ಇದು ಕೆಟ್ಟರೆ ಹೋಗುವುದು ಒಂದು ವರ್ಷದ ಟಿಪ್ಪಣಿ ಮತ್ತು ಪ್ರಾಜೆಕ್ಟ್ ವರದಿ. ಪ್ರತಿಯೊಂದು ಡಿಸ್ಕೂ ತಾನು ದುಡಿದ ಗಂಟೆಗಳನ್ನೂ ತನ್ನಲ್ಲಿ ಕೆಟ್ಟ ಸೆಕ್ಟರುಗಳನ್ನೂ ‘ಸ್ಮಾರ್ಟ್’ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಇದನ್ನು ಓದುವ ಉಚಿತ ತಂತ್ರಾಂಶಗಳುಂಟು. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವವು ದೋಷವಿಲ್ಲದ ಡಿಸ್ಕಿಗಿಂತ 39 ಪಾಲು ಹೆಚ್ಚು. ಅಂತಹ ಗುರುತು ಒಂದೇ ಒಂದಿದ್ದರೂ ಡಿಸ್ಕನ್ನು ಬಿಟ್ಟುಬಿಡಬೇಕು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ: ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಯಾವುದನ್ನೂ ತೋರಿಸಿರಲಿಲ್ಲ. ಕೆಟ್ಟ ದಾಖಲೆಯನ್ನು ನಂಬಬಹುದು, ಒಳ್ಳೆಯ ದಾಖಲೆಯನ್ನು ಪೂರ್ತಿಯಾಗಿ ನಂಬುವಂತಿಲ್ಲ.

ದಾಖಲೆಯನ್ನೇ ಅಳಿಸುವವರೂ ಇದ್ದಾರೆ. ಹತ್ತಾರು ಸಾವಿರ ಗಂಟೆ ದುಡಿದ ಸೀಗೇಟ್ ಡಿಸ್ಕುಗಳು, ಗಂಟೆಗಳ ಎಣಿಕೆಯನ್ನು ಸೊನ್ನೆಗೆ ತಿರುಗಿಸಿಕೊಂಡು, ಹೊಸವೆಂಬ ಹೆಸರಿನಲ್ಲಿ ಮಾರಾಟವಾದ ಸಂಗತಿ 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾಯಿತು. ಡಿಸ್ಕಿನ ಇನ್ನೊಂದು ಆಂತರಿಕ ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದುಕೊಂಡಿದ್ದುದರಿಂದ ಮೋಸ ಸಿಕ್ಕಿಬಿತ್ತು. ತಾನು ಅವನ್ನು ಆ ವ್ಯಾಪಾರಿಗಳಿಗೆ ಮಾರಿರಲಿಲ್ಲವೆಂದು ತಯಾರಕ ಸಂಸ್ಥೆಯು ತಿಳಿಸಿತು. ಹೊಸದೆಂದು ಮಾರಿದ್ದರಲ್ಲಿಯೇ ಹೀಗಾದರೆ ಹಳೆಯದರ ಪಾಡೇನು? ಐದು ವರ್ಷದ ಕಚೇರಿ ಯಂತ್ರದ ಡಿಸ್ಕು ಕೇವಲ 200 ಗಂಟೆ ಓಡಿದೆಯೆಂದು ಹೇಳಿದರೆ, ಅದನ್ನು ಈಚೆಗೆ ಬದಲಾಯಿಸಿರಬೇಕು, ಇಲ್ಲವೆ ಎಣಿಕೆಯನ್ನು ತಿದ್ದಿರಬೇಕು.

ಸಿಲಿಕಾನ್ ಮುಪ್ಪಾಗದು ಎಂದೆನಷ್ಟೆ. ಈ ನಿಯಮಕ್ಕೂ ಒಂದು ಅಪವಾದ ಈಚೆಗೆ ಒದಗಿತು. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರಾಸೆಸರುಗಳು, ಮೈಕ್ರೋಕೋಡಿನ ತಪ್ಪಿನಿಂದ ಹೆಚ್ಚಿನ ವೋಲ್ಟನ್ನು ಕೇಳಿ ಪಡೆದು, ಒಳಗಿನ ಮಂಡಲವೊಂದನ್ನು ಅಕಾಲದಲ್ಲಿ ಮುಪ್ಪಾಗಿಸಿಕೊಂಡವು. 2024ರಲ್ಲಿ ತಿದ್ದುಪಡಿ ಬಂದಿತು. ಆದರೆ ಅದು ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದದ್ದನ್ನು ಸರಿಪಡಿಸದು. ಸಂಸ್ಥೆಯು ಅಂತಹ ಪ್ರಾಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಕೆಟ್ಟ ಪ್ರಾಸೆಸರು ಕೊಡುತ್ತಿದ್ದ ಸೂಚನೆ ಮಾತ್ರ ವಿಚಿತ್ರವಾದದ್ದು: ಅನೇಕ ಆಟಗಳಲ್ಲಿ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು. ರೋಗ ಪ್ರಾಸೆಸರಿನಲ್ಲಿ, ನೋವು ಗ್ರಾಫಿಕ್ಸ್ ಕಾರ್ಡಿನಲ್ಲಿ! ಬಲಗುಂದಿದ ಎಸ್‌ಎಂಪಿಎಸ್ ಕೂಡ ಹೀಗೆಯೇ ರ‍್ಯಾಮಿನ ಮೇಲೆ ತಪ್ಪು ಹೊರಿಸುವುದುಂಟು. ‘ರ‍್ಯಾಮ್ ಒಂದನ್ನು ಬದಲಾಯಿಸಿದರೆ ಸರಿಹೋಗುತ್ತದೆ’ ಎಂಬ ವ್ಯಾಪಾರಿಯ ಸಮಾಧಾನಕ್ಕೆ ‘ಹಾಗಾದರೆ ಬದಲಾಯಿಸಿ ತೋರಿಸಿ’ ಎಂಬುದೇ ತಕ್ಕ ಉತ್ತರ.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲನ್ನೂ ಸುಳಿಯನ್ನೂ ನೋಡಿ ತೃಪ್ತನಾಗುವುದಿಲ್ಲ. ನಡೆಸಿ, ನೊಗ ಹೂಡಿ ನೋಡುತ್ತಾನೆ. ಗಣಕಯಂತ್ರಕ್ಕೂ ನೊಗ ಹೂಡಬೇಕು. ಮೊದಲನೆಯದಾಗಿ, ಯಂತ್ರವು ತಣ್ಣಗಿರುವಾಗಲೇ ಅದನ್ನು ಚಾಲೂ ಮಾಡಿಸಬೇಕು. ಮುಪ್ಪಾದ ಕೆಪಾಸಿಟರುಗಳು ತಂಪಿನಲ್ಲಿ ತಡವರಿಸಿ, ಬಿಸಿಯಾದ ಮೇಲೆ ಚೆನ್ನಾಗಿಯೇ ನಡೆಯುತ್ತವೆ. ನಾವು ಹೋಗುವ ಮೊದಲೇ ಓಡುತ್ತಿರುವ ಯಂತ್ರವು ಈ ಗುಟ್ಟನ್ನು ಬಿಟ್ಟುಕೊಡದು. ಅನಂತರ ಪೆನ್ ಡ್ರೈವಿನಲ್ಲಿ ಒಯ್ದ ಮೆಮ್‌ಟೆಸ್ಟ್‌ನಿಂದ ರ‍್ಯಾಮನ್ನು ಒಂದು ಪೂರ್ಣ ಸುತ್ತು ಪರೀಕ್ಷಿಸಬೇಕು. ಒಂದು ತಪ್ಪು ಕಂಡರೂ ತಪ್ಪೇ. ಕೊನೆಗೆ ಪ್ರಾಸೆಸರಿಗೆ ಮುಕ್ಕಾಲು ಗಂಟೆ ಪೂರ್ಣ ಭಾರ ಹಾಕಿ, ಉಷ್ಣತೆಯನ್ನೂ ಯಂತ್ರ ತಾನಾಗಿ ಆರುತ್ತದೆಯೆ ಎಂಬುದನ್ನೂ ಗಮನಿಸಬೇಕು. ಉಷ್ಣತೆ ಏರಿದರೆ ಗಾಬರಿ ಬೇಡ. ಧೂಳು ಮತ್ತು ಒಣಗಿದ ಥರ್ಮಲ್ ಪೇಸ್ಟ್ ಅದಕ್ಕೆ ಕಾರಣವಿರಬಹುದು. ಗಡಿಯಾರ ತಪ್ಪು ತೋರಿಸಿದರೆ ಬೋರ್ಡಿನ ಮೇಲಿನ ಬಿಲ್ಲೆಯಂತಹ ಬ್ಯಾಟರಿ ಮುಗಿದಿದೆಯೆಂದೇ ಸಾಮಾನ್ಯವಾಗಿ ಅರ್ಥ. ಅಗ್ಗದ ಈ ದೋಷಗಳನ್ನು ತೋರಿಸಿ ಬೆಲೆಯನ್ನು ಇಳಿಸಿಕೊಳ್ಳಬಹುದು.

ಇಷ್ಟು ಕಡಿಮೆ ಲಾಭಕ್ಕೆ ಎರಡು ಗಂಟೆ ಯಾರು ಕಾಯುತ್ತಾರೆ ಎಂದು ವ್ಯಾಪಾರಿಗಳು ಕೇಳುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಆದರೆ ಈ ಪರೀಕ್ಷೆಗಳನ್ನು ಹಿಂದಿನ ರಾತ್ರಿಯೇ ಅಂಗಡಿಯಲ್ಲಿ ನಡೆಸಿ, ಫಲಿತಾಂಶದ ಹಾಳೆಯನ್ನು ಯಂತ್ರಕ್ಕೆ ಅಂಟಿಸಿಡುವುದಕ್ಕೆ ಏನು ಅಡ್ಡಿ? ಡಿಸ್ಕಿನ ಕ್ರಮಸಂಖ್ಯೆಯನ್ನೂ ಅದು ಓಡಿದ ಗಂಟೆಗಳನ್ನೂ ಬಿಲ್ಲಿನಲ್ಲಿ ಬರೆದುಕೊಡಲು ಒಂದು ಸಾಲು ಸಾಕು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೋಗದೆ ನಾಲ್ಕೈದು ಮಂದಿ ಒಟ್ಟಾಗಿ ಹೋಗಿ ಇದನ್ನು ಕೇಳಿದರೆ ಅಂಗಡಿಯವರು ಒಪ್ಪುವ ಸಂಭವವೂ ಹೆಚ್ಚು.

ಚೌಕಾಸಿ ಮಾಡುವಾಗ ಹಳೆಯ ಹಾರ್ಡ್ ಡಿಸ್ಕು ಮತ್ತು ಎಸ್‌ಎಂಪಿಎಸ್‌ಗಳ ಬೆಲೆಯನ್ನು ಸೊನ್ನೆಯೆಂದೇ ಹಿಡಿಯಬೇಕು. ಉಳಿದ ಹಣದಲ್ಲಿ ಹೊಸ ಎಸ್‌ಎಸ್‌ಡಿ ಒಂದನ್ನೂ, ಸಾಧ್ಯವಾದರೆ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನೂ ಹಾಕಿಸಬೇಕು. ಹಳೆಯ ಡಿಸ್ಕನ್ನು ಎಸೆಯುವುದೇನೂ ಬೇಡ. ಬೇರೆಡೆಯಲ್ಲಿ ಇನ್ನೊಂದು ಪ್ರತಿ ಇರುವ ಹಾಡು, ಚಲನಚಿತ್ರಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದು.